ಪಟ್ಟಾ ಕೊಡಿಸಿದ ಪಾಪ

ಅಲ್ಲ, ಬಾಗಲಾ ಮೊದಲು ಬಂತು, ಮನಿ ಆಮ್ಯಾಲೆ ಬಂತು. ನಗಬ್ಯಾಡ್ರಿ. ಏ ಸುಧಾ, ಗ್ವಾಡಿ ಬಿಟ್ಟು ನೆಟ್ಟಗ ಕುಂದರು, ಬೆನ್ನು ಬಾಗಿಸಿ ಕುಂತವರಿಗೆ ನಾನು ಏನೂ ಹೇಳೂದಿಲ್ಲ. ಹಾಂ, ಹಂಗ. ಬಳ್ಳಾರಿಯಿಂದ ರೈಲಿನಾಗ ಕೊಪ್ಪಳಕ್ಕ ಬಂದು, ಅಲ್ಲಿಂದ ಎರಡು ಬಂಡಿ ಮಾಡಿಕೊಂಡು ಕುಕನೂರು ದಾಟಿ ಯಲಬುರ್ಗಾ ಕಡೆ ಹೋದ್ವಿ. ಒಂದು ಬಂಡ್ಯಾಗ ನಾವು, ಇನ್ನೊಂದರಾಗ ಬಾಗಲಾ. ಸಾಗವಾನಿ ಬಾಗಲಾ, ಚೌಕಟ್ಟು ಸಮೇತ, ಹಿತ್ತಾಳಿ ಚಿಲಕ ಹಚ್ಚಿದ್ದು. ಹೊಲ ಮುಟ್ಟಿದ ದಿನಾನ, ಒಂದು ಗಿಡ ಸುದ್ದಾ ಇಲ್ಲದ ಆ ಕರೀ ಬಯಲಿನ ನಡುವ ನಮ್ಮ ಅಪ್ಪಾರು ಅದನ್ನ ಎಬ್ಬಿಸಿ ನಿಲ್ಲಿಸಿದ್ರು, ಅವ್ವನ ಕಡೆಯಿಂದ ಹೊಸ್ತಿಲಕ್ಕ ಅರಿಶಿಣ ಕುಂಕುಮ ಹಚ್ಚಿಸಿದ್ರು, ಚಪ್ಪಲಿ ಕಳದು ಬಲಗಾಲು ಮುಂದಿಟ್ಟು ಒಳಗ ಹೋದ್ರು. ಒಳಗ ಅಂದ್ರ ಆ ಕಡೆ. ಆ ಕಡೇನೂ ಹೊಲಾನ. "ಇವತ್ತಿಂದ ನಾವು ಮನಿ ಇದ್ದವರು," ಅಂದ್ರು. ಅವ್ವ ಬಾಗಲಾದ ಬಾಜೂಕಿಂದ ಸುತ್ತುಹಾಕಿ ನಡದು ಹೋದ್ಲು. "ಬಾಗಲಾ ಇರೋದು ಯಾತಕ್ಕ?" ಅಂತ ಅಪ್ಪಾರು ಕೇಳಿದ್ರು. "ಅದನ್ನ ನಾನೂ ಕೇಳಬೇಕಂತ ಇದ್ದೆ," ಅಂದ್ಲು ಅವ್ವ.

ಅಲ್ಲಿಗೆ ಯಾಕ ಹೋದ್ವಿ ಅಂತ ನೀವು ಕೇಳಲಿಲ್ಲ, ಕೇಳಬೇಕಿತ್ತು. ಅಪ್ಪಾರು ಬಳ್ಳಾರಿ ಹತ್ತಿ ಗಿರಣ್ಯಾಗ ಗುಮಾಸ್ತರು. ಗಿರಣಿ ಮುಚ್ಚಿತು. ಆವಾಗ ಎಲ್ಲಾ ಕಡೆ ಮುಚ್ಚೂದ ಇತ್ತು, ತೆರಿಯೋದು ಅನ್ನೋ ಮಾತ ಇರಲಿಲ್ಲ. ನಾನು ಅಲ್ಲೇ ಕಾನ್ವೆಂಟ್ ಸಾಲ್ಯಾಗ ಓದತಿದ್ದೆ, ನೀಲಿ ಫ್ರಾಕು, ಬಿಳೀ ಕಾಲುಚೀಲ, ಬೂಟಿಗೆ ದಿನಾ ಪಾಲಿಶ್. ಗಿರಣಿ ಮುಚ್ಚಿದ್ದಕ್ಕ ನನ್ನ ಸಾಲೀನೂ ನಿಂತಿತು. ಅದ ಹೊತ್ತಿಗೆ ಯಾರೋ ಹೇಳಿದ್ರಂತ, ಹೊಳಿ ಆಚೆ ನಿಜಾಮರ ಸೀಮ್ಯಾಗ ಪಡ ಬಿದ್ದ ಎರಿ ಭೂಮಿ ಭಾಳ ಐತಿ, ಅದನ್ನ ಒಡದು ಸಾಗು ಮಾಡಿದವರಿಗೆ ಸರಕಾರದವರು ಪಟ್ಟಾ ಮಾಡಿಕೊಡತಾರ ಅಂತ. ಪಟ್ಟಾ ಅಂದ್ರ ಗೊತ್ತಿಲ್ಲೇನು, ಭೂಮಿ ನಿಂದು ಅಂತ ಕಾಗದ. ಶರತ್ತು ಒಂದ: ಮೂರು ವರ್ಷ ಅಲ್ಲೇ, ಆ ಹೊಲದಾಗ, ಮನಿ ಕಟ್ಟಿಕೊಂಡು ಇರಬೇಕು. ಇದ್ದೀರೋ ಇಲ್ಲೋ ಅಂತ ಕಡೀಕೆ ಗಿರ್ದಾವರ, ಕಂದಾಯದ ಸಾಹೇಬ, ಬಂದು ಊರಿನ ಪಂಚರನ್ನ ಕೇಳತಾನ. ಪಂಚರು ಹೌದು ಅಂದ್ರ ಪಟ್ಟಾ, ಇಲ್ಲ ಅಂದ್ರ ಬಂದ ಬಂಡಿ ಹತ್ತಬೇಕು. ಅಪ್ಪಾರು ನನ್ನ ತಲಿ ಮ್ಯಾಲೆ ಕೈಯಿಟ್ಟು ಹೇಳಿದ್ರು, "ಪಟ್ಟಾ ಆದ ವರ್ಷಾನ ನಿನ್ನ ಮತ್ತ ಕಾನ್ವೆಂಟಿಗೆ ಬಿಡತೇನಿ. ಬೋರ್ಡಿಂಗಿನಾಗ ಇರಬೇಕು." ಅವತ್ತಿಂದ ನಾನು ಆ ಭೂಮಿ ಕಡೆ ನೋಡಿದಾಗೆಲ್ಲ ನನಗ ಜ್ವಾಳ ಕಾಣತಿರಲಿಲ್ಲ, ಹತ್ತಿ ಕಾಣತಿರಲಿಲ್ಲ. ನೀಲಿ ಫ್ರಾಕ ಕಾಣತಿತ್ತು.

ಈಗ ಆ ಕಡೆಯವರ ಪದ್ಧತಿ ತಿಳಕೋರಿ, ಇದು ಮುಖ್ಯ. ಅಲ್ಲಿ ಹೊಲದಾಗ ಯಾರೂ ಇರತಿರಲಿಲ್ಲ. ಹೊಲ ಎಷ್ಟ ದೂರ ಇರಲಿ, ಮುಂಜಾನಿ ಹೋಗೋದು, ಸಂಜೀಕೆ ಊರಿಗೆ ಬರೋದು. ಮನಿಗೋಳೆಲ್ಲ ಊರಾಗ, ಒಂದಕ್ಕೊಂದು ಭುಜಾ ಹಚ್ಚಿ ನಿಂತಂಗ ಇರತಿದ್ದವು, ಈ ಮನಿ ಮಾಳಗಿ ಹತ್ತಿದ್ರ ಊರ ತುದಿ ಮನಿ ತನಕ ಕೆಳಗ ಇಳೀದನ ಹೋಗಬಹುದಿತ್ತು. ಊರಿನ ಹೆಸರು ಹೇಳೂದಿಲ್ಲ. ಯಾಕಂದ್ರ ಅವರ ಮೊಮ್ಮಕ್ಕಳು ಈಗ ನಮಗ ಬೀಗರು ಆಗ್ಯಾರ. ಅಂಥಾ ಊರಿನ ಸೀಮ್ಯಾಗ ನಾವು ಬಂದು ಬಟಾಬಯಲಾಗ ಬಾಗಲಾ ನಿಲ್ಲಿಸಿ, ಅದರ ಹಿಂದ ಹತ್ತಿಕಟಗಿ ತಡಿಕಿ ಕಟ್ಟಿ, ತಡಿಕಿಗೆ ಸಗಣಿ ಮಣ್ಣು ಮೆತ್ತಿ, ಮ್ಯಾಲೆ ಹುಲ್ಲು ಹೊದಿಸಿ, "ಮನಿ" ಅಂತ ಕುಂತ್ವಿ. ಬಾಗಲಾ ಒಂದ ಆ ಮನ್ಯಾಗ ಗಟ್ಟಿ ಇದ್ದದ್ದು. ಗಾಳಿ ಬೀಸಿದಾಗ ಗುಡಸಲೆಲ್ಲ ಬಾಗಲಾ ಹಿಡಕೊಂಡು ನಿಂತಿರತಿತ್ತು. ಅಪ್ಪಾರು ಅದಕ್ಕ ಒಂದು ಹಲಗಿ ಬರದು ಹಾಕಿದ್ರು, "ದಯವಿಟ್ಟು ತಟ್ಟಿ ಒಳಗೆ ಬರಬೇಕು" ಅಂತ. ತಟ್ಟಾಕ ಯಾರೂ ಬರಲಿಲ್ಲ, ಅದು ಬ್ಯಾರೆ ಮಾತು.

ಆ ಭೂಮಿ, ಏನ ಹೇಳಲಿ. ಮ್ಯಾಲೆ ನೋಡಿದ್ರ ಹಸರು, ಕೆಳಗ ಬರೇ ಕರಿಕಿ. ಕರಿಕಿ ಹುಲ್ಲಿನ ಬೇರು ಎರಿ ಭೂಮ್ಯಾಗ ಆಳಿನ ಉದ್ದ ಇಳದಿರತೈತಿ. ಅದನ್ನ ಒಡೀಬೇಕಂದ್ರ ದೊಡ್ಡ ರಂಟಿ ಬೇಕು, ರಂಟಿಗೆ ಸಾಲುಸಾಲು ಎತ್ತು ಹೂಡಬೇಕು, ಮಂದಿ ಹಿಂದಿಂದ ಬೇರು ಆರಿಸಬೇಕು. ಊರಿನವರು ಎತ್ತು ಕೊಡಲಿಲ್ಲ, ಇರಕಲ್ಲಗಡದಿಂದ ತರಿಸಿದ್ವಿ. ಬೇರು ಆರಿಸಿದವರು ನಾವ. ಬಳ್ಳಾರ್ಯಾಗ ಪಿಯಾನೋದ ಮುಂದ ನಿಂತು ಹಾಡು ಕಲಿತಿದ್ದ ಹುಡುಗಿ, ಕರಿಕಿ ಬೇರು ಹೊತ್ತುಹೊತ್ತು ಒಟ್ಟಿದೆ. ಬಿಸಲಿನಾಗ ನೆಲ ಬಾಯಿಬಿಡತಿತ್ತು, ನನ್ನ ರಿಬ್ಬನ್ನು ಒಂದು ಬಿರಕಿನಾಗ ಬಿದ್ದದ್ದು ಇನ್ನೂ ಅಲ್ಲೇ ಐತಿ. ಮಳಿಗಾಲದಾಗ ಆ ಮಣ್ಣು ಕಾಲಿಗೆ ಹತ್ತಿ ಹತ್ತಿ ಗಿಡ್ಡ ಇದ್ದ ನಾನು ಎತ್ತರ ಆಗತಿದ್ದೆ. ಊಟಕ್ಕ ಮಾತ್ರ ಅಪ್ಪಾರು ಬಿಡತಿರಲಿಲ್ಲ, ಕೈ ತೊಳದು, ತಲಿ ಬಾಚಿ, ಸಾಲಾಗಿ ಕುಂತ ಉಣಬೇಕು. ರೊಟ್ಟಿ, ಪುಂಡಿಪಲ್ಯಾ. ದಿನಾ ಪುಂಡಿಪಲ್ಯಾ. "ಇವತ್ತು ಏನು ವಿಶೇಷ?" ಅಂತ ಅಪ್ಪಾರು ಕೇಳತಿದ್ರು. "ಪುಂಡಿಪಲ್ಯಾ ಇನ್ನೂ ಐತಿ, ಅದ ವಿಶೇಷ," ಅಂತಿದ್ಲು ಅವ್ವ.

ನೀರಿನ ಮಾತು ಹೇಳತೇನಿ, ಕೇಳ್ರಿ. ಹಳ್ಳದ ಉಸುಕಿನಾಗ ಕೈಲೆ ತೋಡಿದ್ರ ನೀರು ಬರತಿತ್ತು, ಅದಕ್ಕ ಒರತಿ ಅಂತಿದ್ರು. ಊರಿನವರದು ಮ್ಯಾಲೆ ಒಂದು ಒರತಿ. ಊರ ಹೊರಗಿನ ಕೇರಿಯವರದು ಕೆಳಗ ಒಂದು. ನಾವು ಬಂದ ವಾರದಾಗ ಅತ್ತಾಗೂ ಅಲ್ಲ ಇತ್ತಾಗೂ ಅಲ್ಲ, ಭಾಳ ದೂರ ಮೂರನೇದೊಂದು ಒರತಿ ತಯಾರಾತು. ಸುತ್ತ ಕಲ್ಲು ಸುದ್ದಾ ಇಟ್ಟಿದ್ರು. ಅಪ್ಪಾರಿಗೆ ಎಷ್ಟು ಸಂತೋಷ! "ನೋಡು, ಓದಿದ ಮಂದಿಗೆ ಗದ್ದಲ ಸೇರೂದಿಲ್ಲ ಅಂತ ಇವರಿಗೆ ಹೆಂಗ ತಿಳೀತೈತಿ! ನಮಗಂತನ ಬ್ಯಾರೆ ಮಾಡಿಕೊಟ್ಟಾರ." ದಾರ್ಯಾಗ ಅಪ್ಪಾರು ಎದುರಿಗೆ ಬಂದ್ರ ಮಂದಿ ದಾರಿ ಬಿಟ್ಟು ಹೊಲಕ್ಕ ಇಳೀತಿದ್ರು. "ಎಷ್ಟು ಮರ್ಯಾದಿ!" ಹಬ್ಬಕ್ಕ ಯಾರೂ ಹೋಳಿಗಿ ಕಳಸಲಿಲ್ಲ, ಅರಿಶಿಣ ಕುಂಕುಮಕ್ಕ ಅವ್ವನ್ನ ಯಾರೂ ಕರೀಲಿಲ್ಲ. "ಸಂಕೋಚದ ಮಂದಿ," ಅಂದ್ರು ಅಪ್ಪಾರು. ಅವ್ವ ಒಬ್ಬಾಕೀನ ಬೀಸೂಕಲ್ಲಿನ ಮುಂದ ಕುಂತು ಬೀಸತಿದ್ಲು, ಬಳ್ಳಾರಿ ಓಣ್ಯಾಗ ಇದ್ದಾಗ ಇಬ್ಬರು ಮೂವರು ಕೂಡಿ ಹಾಡತಾ ಬೀಸಿದಾಕಿ. ಹಾಡಲಿಲ್ಲ.

ಹಂಗ ಎರಡು ಸುಗ್ಗಿ ಹೋದವು. ಮೂರನೇ ವರ್ಷ ಕಸ ತಗೀಲಿಕ್ಕೆ ಕೇರಿಯಿಂದ ದುರಗವ್ವ ಅನ್ನಾಕಿ ಬಂದ್ಲು. ಬಾಯಿ ಅಂದ್ರ ಬಾಯಿ, ಕೈಕಿಂತ ಅದ ಹೆಚ್ಚು ಓಡತಿತ್ತು. ಮಧ್ಯಾಹ್ನ ರೊಟ್ಟಿ ತಿನ್ನೋ ಹೊತ್ತಿಗೆ ಅವ್ವನ್ನ ನೋಡತಾ ನೋಡತಾ ಕೇಳೇಬಿಟ್ಲು, "ಅವ್ವಾರ, ಸಿಟ್ಟಾಗಬ್ಯಾಡ್ರಿ. ಖರೇ ಹೇಳ್ರಿ, ನೀವು ಏನು ಮಾಡಿದ್ರಿ?"

"ಏನು ಮಾಡೋದು? ಕಸಾ ತಗೀತಿದ್ದೆ."

"ಅಲ್ರೀ. ನಿಮ್ಮನ್ನ ಯಾಕ ಹೊರಗ ಹಾಕ್ಯಾರ?"

"ಯಾರು ಹಾಕ್ಯಾರ? ನಾವ ಬಂದೇವಿ."

ದುರಗವ್ವ ನಕ್ಕೋತ ಹಿಂದಕ್ಕ ಬೀಳೋದೊಂದು ಬಾಕಿ. "ತಾವಾಗೇ ಊರು ಬಿಟ್ಟು ಹೊರಗ ಬಂದು ಕುಂದ್ರತಾರೇನ್ರಿ ಯಾರರ! ನಮ್ಮನ್ನ ನೋಡ್ರಿ, ನಮ್ಮ ಮುತ್ತ್ಯಾನ ಕಾಲದಿಂದ ಹೊರಗ ಇದೀವಿ, ಆದ್ರೂ ನಿಮಗಿಂತ ಊರಿಗೆ ಸನೇ ಇದೀವಿ. ನಿಮ್ಮದು ನಮಗಿಂತ ದೊಡ್ಡದ ಇರಬೇಕು ಅಂತ ನಮ್ಮ ಕೇರ್ಯಾಗೂ ಮಾತಾಡತಾರ."

ಆಮ್ಯಾಲೆ ಅಕಿ ಒಂದೊಂದ ಹೇಳಿದ್ಲು. ಗೌಡರ ಮನ್ಯಾಗ ಅಂತಾರಂತ, ಗುಮಾಸ್ತ ಗಿರಣೀಗೆ ಬೆಂಕಿ ಹಚ್ಯಾನ ಅಂತ. ಶೆಟ್ಟರ ಅಂಗಡ್ಯಾಗ ಅಂತಾರಂತ, ಏನೋ ಅಂಟೂ ಬ್ಯಾನಿ ಐತಿ, ಅದಕ್ಕ ಹುಡುಗೀಗೆ ಕಾಲುಚೀಲ ಹಾಕಿ ಮುಚ್ಚತಾರ ಅಂತ. ಪೂಜಾರಿ ಹೇಂತಿ ಅಂತಾಳಂತ, ಹುಡುಗೀನ ಪಾದ್ರಿಗೋಳ ಸಾಲಿಗೆ ಹಾಕಿ ಜಾತಿ ಕೆಡಿಸ್ಯಾರ, ಕುಲದವರು ಕೂಡಿ ಹೊರಗ ನೂಕ್ಯಾರ ಅಂತ. ಇನ್ನೊಬ್ಬಾಕಿ ಅಂತಾಳಂತ, ಅವ್ವ ತನ್ನ ಅತ್ತೀಗೆ ಸಾರಿನಾಗ ಮದ್ದು ಹಾಕ್ಯಾಳ ಅಂತ. ಅವ್ವ ಎಲ್ಲಾ ಸುಮ್ಮನ ಕೇಳಿದಾಕಿ ಇದಕ್ಕ ಮಾತ್ರ ಎದ್ದು ನಿಂತ್ಲು. "ಸಾರಿನಾಗ? ನಮ್ಮ ಅತ್ತಿ ನಾನು ಮಾಡಿದ ಸಾರು ಯಾವತ್ತೂ ಬಾಯಿಗೆ ಹಾಕಿಲ್ಲ, ಅದಕ್ಕ ಇನ್ನೂ ಗಟ್ಟಿ ಅದಾಳ!" ನನಗ ಅತ್ತೀ ಮಾತು ಅಲ್ಲ, ಕಾಲುಚೀಲದ ಮಾತು ಸಿಟ್ಟು ತರಿಸಿತು. ಅವು ದಿನಾ ಒಗದ ಕಾಲುಚೀಲ. ನಾನು ಅಂದೆ, "ಅವ್ವ, ಅಪ್ಪಾರಿಗೆ ಹೇಳೂಣು, ಅವರು ಊರಾಗ ಹೋಗಿ ಎಲ್ಲಾರಿಗೂ ಖರೇ ಮಾತು ಹೇಳಿ ಬರತಾರ." ಅವ್ವ ನನ್ನ ಮುಖಾ ನೋಡಿ, "ನಿಮ್ಮ ಅಪ್ಪ ಮೂರು ವರ್ಷದಿಂದ ಮರ್ಯಾದ್ಯಾಗ ಅದಾರ. ಅವರನ್ನ ಅಲ್ಲೇ ಬಿಡು," ಅಂದ್ಲು.

ಈಗ ಗೌಡರ ಮಾತಿಗೆ ಬರತೇನಿ. ನಡುವ ಮಾತಾಡಬ್ಯಾಡ್ರಿ, ನನಗ ಎಲ್ಲೆ ಬಿಟ್ಟೆ ಅಂತ ಮರೀತೈತಿ. ಆ ಪಡ ಭೂಮ್ಯಾಗ ಮೊದಲಿಂದ ಗೌಡರ ದನ ಮೇಯತಿದ್ದವು. ನಾವು ಒಡದು ಹಸನ ಮಾಡಿದ ಮ್ಯಾಲೆ ಅವರಿಗೆ ಭೂಮಿ ಇನ್ನೂ ಛಂದ ಕಂಡಿತು. ಗಿರ್ದಾವರ ಬರೋ ಸುದ್ದಿ ಬಂದ ಮ್ಯಾಲೆ ಕುಕನೂರು ಸಂತ್ಯಾಗ ಗೌಡರು ಅಪ್ಪಾರಿಗೆ ಭೆಟ್ಟಿಯಾದ್ರು. ಹತ್ತಿರ ಅಲ್ಲ, ನಡುವ ಒಂದು ಕುಂಬಾರರ ಅಂಗಡಿ ಬಿಟ್ಟು ನಿಂತು. "ಗುಮಾಸ್ತರ, ನಾಡಿದ್ದು ಸಾಹೇಬ್ರು ಕೇಳತಾರ. ನಾವು ಕಂಡಿದ್ದು ಹೇಳೋರು. ನೀವು ಮುಂಜಾನಿ ಬರತೀರಿ, ಸಂಜೀಕೆ ಎಲ್ಲೋ ಹೋಗತೀರಿ. ನೀವು ಅಲ್ಲೇ ಇರೋದನ್ನ ನಮ್ಮ ಪಂಚರು ಯಾರೂ ಕಂಡಿಲ್ಲ." ಅಪ್ಪಾರು ಮನಿಗೆ ಬಂದು ನಕ್ಕೋತ ಹೇಳಿದ್ರು, "ಗೌಡರು ಭಾಳ ತಮಾಶಿ ಮನಿಷ್ಯಾ!" ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿದ್ಲು. ಕೈ ಹಿಟ್ಟಿನ ಮ್ಯಾಲೆ ಹಂಗ ಇತ್ತು. ನನಗ ನನ್ನ ನೀಲಿ ಫ್ರಾಕು ಬಿರಕಿನೊಳಗ ಇಳದು ಹೋಗೋದು ಕಂಡಿತು. ಮೂರು ವರ್ಷದ ಕರಿಕಿ, ಪುಂಡಿಪಲ್ಯಾ, ಎಲ್ಲಾ ಗೌಡರ ದನದ ಹೊಟ್ಟಿಗೆ.

ಮರುದಿನ ಅವ್ವ ಕೊಡ ತಗೊಂಡು, ನನ್ನ ಕರಕೊಂಡು ಹಳ್ಳಕ್ಕ ನಡದ್ಲು. ನಮ್ಮ ಒರತಿ ದಾಟಿದ್ಲು. "ಅವ್ವ, ನಮ್ಮದು ಇಲ್ಲೈತಿ," ಅಂದೆ. "ಗೊತ್ತೈತಿ, ನಡಿ." ನೆಟ್ಟಗ ಊರಿನವರ ಒರತಿಗೆ ಹೋದ್ಲು. ಅಲ್ಲಿ ಗೌಡರ ಹೇಂತಿ, ಗೌಡಶಾನಿ ಬಸಮ್ಮ, ಚರಗಿಲೆ ಕೊಡ ತುಂಬತಿದ್ಲು. ಉಳದ ಹೆಣಮಕ್ಕಳೆಲ್ಲ ದಂಡೀಗೆ ಸರದ್ರು, ಗೌಡಶಾನಿಗೆ ತುಂಬಿದ ಕೊಡ ಬಿಟ್ಟು ಸರೀಲಿಕ್ಕೆ ಮನಸಾಗಲಿಲ್ಲ. ಅವ್ವ ಸ್ವಂತ ಅಕ್ಕನ್ನ ಮಾತಾಡಿಸಿದಂಗ ಮಾತಾಡಿಸಿದ್ಲು.

"ಬಸಮ್ಮಕ್ಕಾ, ಆರಾಮ ಅದೀರಿ? ನಾಳೆ ಸಾಹೇಬ್ರು ಬರತಾರಂತ. ನಮಗ ಪಟ್ಟಾ ಆಗೂದಿಲ್ಲ ಅಂತ ಹೆಚ್ಚುಕಡಿಮಿ ತಿಳದೈತಿ. ಆದ್ರ ಒಂದು ಲೆಕ್ಕದಾಗ ಛಲೋನ ಆತು."

"ಛಲೋ… ಹೆಂಗ್ರೀ?"

"ಬಯಲಾಗ ಇದ್ದು ಸಾಕಾಗೇತಿ ನೋಡ್ರಿ. ನಿಮ್ಮ ಬಾಜೂ ಶೆಟ್ಟರ ಹಳೇ ಮನಿ ಖಾಲಿ ಬಿದ್ದೈತೆಲ್ಲ, ಅದಕ್ಕ ಬಂದು ಇರತೀವಿ. ನಡುವ ಒಂದ ಗ್ವಾಡಿ. ನಮ್ಮ ಒಲಿ ಆರಿದ್ರ ನಿಮ್ಮ ಕೆಂಡ, ನಿಮ್ಮ ಮಜ್ಜಿಗಿ ತೀರಿದ್ರ ನಮ್ಮ ಮಜ್ಜಿಗಿ. ನಿಮ್ಮ ಸೊಸಿ ಬಸರಿ ಅಂತ ಕೇಳೇನಿ. ನಾನ ಮುಂದ ನಿಂತು ಬಾಣಂತನ ಮಾಡತೇನಿ ಅಕ್ಕಾ. ಸಾರು ದಿನಾ ನಾನ ಕಾಸಿ ತಂದುಕೊಡತೇನಿ."

ಗೌಡಶಾನಿ ಕೈಯಾಗಿನ ಚರಗಿ ಒರತ್ಯಾಗ ಬಿತ್ತು. ಅದನ್ನ ತಗೀಲಿಕ್ಕೂ ಅಕಿ ಬಗ್ಗಲಿಲ್ಲ. ಅವ್ವ ಬಗ್ಗಿ, ಚರಗಿ ತಗದು, ಸೆರಗಿಲೆ ಒರಸಿ, ಅಕಿ ಕೈಯಾಗ ಇಟ್ಟು, ನನ್ನ ಕಡೆ ಹೊರಳಿ, "ಬಾಯಿ ತಕ್ಕೊಂಡು ಯಾಕ ನಿಂತಿ, ದೊಡ್ಡವ್ವಗ ನಮಸ್ಕಾರ ಮಾಡು. ಇನ್ನ ದಿನಾ ಇವರ ಅಂಗಳದಾಗ ಆಡಾಕಿ ನೀನು," ಅಂದ್ಲು. ಕಾನ್ವೆಂಟಿನ ಸಿಸ್ಟರ್ ಕಲಿಸಿದಂಗ ಫ್ರಾಕಿನ ಅಂಚು ಹಿಡದು, ಮೊಣಕಾಲು ಬಗ್ಗಿಸಿ ನಮಸ್ಕಾರ ಮಾಡಿದೆ. ಅಂಥಾ ನಮಸ್ಕಾರ ಆ ಹಳ್ಳದಾಗ ಯಾರೂ ನೋಡಿರಲಿಲ್ಲ. ಅದು ಪಾದ್ರಿಗೋಳ ಮಂತ್ರದ್ದ ಇರಬೇಕು ಅಂತ ಆಮ್ಯಾಲೆ ಮಾತಾಡಿದ್ರಂತ.

ಗಿರ್ದಾವರ ಸಾಹೇಬ ಕುದುರಿ ಮ್ಯಾಲೆ ಬಂದ. ತುರ್ಕಿ ಟೋಪಿ, ಧೂಳ ಹತ್ತಿದ ಶೇರವಾನಿ. ಗಿಡದ ನೆರಳಿಲ್ಲ, ಬಂಡಿ ನೆರಳಾಗ ಹೊರಸು ಹಾಕಿ ಕುಂದ್ರಿಸಿದ್ವಿ. ಪಂಚರು ಬಂದಿದ್ರು, ದೂರ, ಸಾಲಾಗಿ. ಅಪ್ಪಾರು ಕೋಟು ಹಾಕಿಕೊಂಡು ಬಾಗಲಾದ ಮುಂದ ನಿಂತಿದ್ರು. ನಾನು ಬಾಜೂಕ ಬೆನ್ನು ನೆಟ್ಟಗ ಮಾಡಿ ನಿಂತಿದ್ದೆ.

"ಗೌಡ್ರೇ, ಸಚ್ ಬಾತ್ ಹೇಳಬೇಕು," ಅಂದ ಸಾಹೇಬ. "ಈ ಲೋಗ ಇಲ್ಲೇ ಇರತಾರ? ಇಲ್ಲಾ ಬಂದು ಹೋಗಿ ಮಾಡತಾರ?"

ಗೌಡರು ಒಂದು ಗಳಿಗಿ ಭೂಮಿ ನೋಡಿದ್ರು. ಭಾಳ ಛಲೋ ಭೂಮಿ. ಆಮ್ಯಾಲೆ ಹಿಂದಕ್ಕ ಊರು ನೋಡಿದ್ರು. "ಇಲ್ಲೇ ಇರತಾರ್ರಿ ಸಾಹೇಬ್ರ! ಹಗಲೂ ಇರತಾರ, ರಾತ್ರೀನೂ ಇರತಾರ. ಇವರಷ್ಟು ಗಟ್ಟಿ ಇರಾಕ ಯಾರಿಗೂ ಬರಾಂಗಿಲ್ರಿ."

"ಮುಂದೂ ಇಲ್ಲೇ ಇರಬೇಕ್ರಿ," ಅಂದ ಪಂಚರ ಪೈಕಿ ಒಬ್ಬ ಮುದುಕ. "ಅದನ್ನೂ ಬರಕೊಳ್ರಿ."

"ಊರಾಗ ಮನಿ ಮಾಡಬಾರದು ಅಂತ ಶರತ್ತು ಹಾಕಾಕ ಬರತೈತೇನ್ರಿ?" ಅಂದ್ರು ಶೆಟ್ಟರು.

ಸಾಹೇಬ ಬರಿಯೋ ಲೆಕ್ಕಣಿಕಿ ನಿಲ್ಲಿಸಿದ. "ತಮಾಮ್ ತಾಲೂಕು ತಿರಗೇನಿ. ಇನ್ನೊಬ್ಬರಿಗೆ ಜಮೀನು ಸಿಗಲಿ ಅಂತ ಇಷ್ಟು ಖುಷಿಪಡೋ ಊರು ನೋಡಿಲ್ಲ. ಯಾಕ್ರೀ ಇಷ್ಟು?"

ಗೌಡರು ತಲಿ ತಗ್ಗಿಸಿ ಅಂದ್ರು, "ಪ್ರೀತಿರೀ."

ಅಪ್ಪಾರ ಕಣ್ಣಾಗ ನೀರು ಬಂತು. ಮುಂದ ಬಂದು ಪುಸ್ತಕದ ಮಾತಿನಾಗ ಭಾಷಣಾನ ಮಾಡಿದ್ರು. "ಮಹನೀಯರೇ, ತಮ್ಮ ಔದಾರ್ಯವನ್ನು ನಾನು ಎಂದಿಗೂ ಮರೆಯಲಾರೆ. ಇದಕ್ಕೆ ಪ್ರತಿಯಾಗಿ ನಾಳೆಯಿಂದ ದಿನವೂ ನಾನೇ ಊರೊಳಗೆ ಬಂದು ತಮ್ಮ ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ."

ಪಂಚರೆಲ್ಲ ಒಮ್ಮೆಲೇ ಹಿಂದ ಸರದ್ರು. "ಬ್ಯಾಡ್ರಿ!" ಅಂದ್ರು ಗೌಡರು. "ಅಂದ್ರ… ನಿಮಗ ತ್ರಾಸ ಯಾಕ. ನೀವು ಇಲ್ಲೇ ಇರ್ರಿ. ಆರಾಮ ಇರ್ರಿ."

ಪಟ್ಟಾ ಆತು. ಆ ಸುಗ್ಗಿ ಹತ್ತಿ ಗದಗಿಗೆ ಹೋತು, ನನಗ ಬೋರ್ಡಿಂಗಿನ ಟ್ರಂಕು ಬಂತು. ಆವಾಗ ಯುದ್ಧ ಶುರುವಾಗಿತ್ತು, ಫ್ರಾಕಿಗೆ ನೀಲಿ ಅರಿವಿ ಸಿಗಲಿಲ್ಲ, ಬೂದಿ ಬಣ್ಣದ್ದು ಹೊಲಿಸಿದ್ರು, ಇರಲಿ. ಹೊರಡೋ ದಿನ ಅಪ್ಪಾರು ಹೇಳಿದ್ರು, "ನಿಮ್ಮ ಸಿಸ್ಟರಿಗೆ ಹೇಳು, ಹಳ್ಳಿ ಮಂದಿ ಓದಿದವರನ್ನ ಹೆಂಗ ಪೂಜಿ ಮಾಡತಾರ ಅಂತ." ಕಾನ್ವೆಂಟಿನ ಹುಡುಗಿ ನಾನು, ಸುಳ್ಳು ಅಂದ್ರ ಮೈಯಾಗ ಮುಳ್ಳು ಚುಚ್ಚಿದಂಗ ಆಗತಿತ್ತು. "ಅಪ್ಪಾ, ಅದು ಹಂಗಲ್ಲ…" ಅಂತ ಬಾಯಿ ತಗದೆ. ಅವ್ವ ನನ್ನ ಜಡಿ ಹೆಣೀತಿದ್ದಾಕಿ, ಒಂದ ಎಳತ ಎಳದ್ಲು, ಕಣ್ಣಾಗ ನೀರು ಬರೂವಂಗ. ಅಪ್ಪಾರು ಬಂಡಿ ಕಡೆ ಹೋದ ಮ್ಯಾಲೆ ಕಿವ್ಯಾಗ ಅಂದ್ಲು, "ನಿಮ್ಮ ಸಿಸ್ಟರು ಸುಳ್ಳು ಹೇಳಬ್ಯಾಡ ಅಂದಾರ. ಬಾಯಿ ಮುಚಗೊಂಡು ಕುಂದ್ರಬ್ಯಾಡ ಅಂದಾರೇನು?" ಅಂದಿರಲಿಲ್ಲ. ನಾನು ಭಾಳ ವಿಚಾರ ಮಾಡಿ ನೋಡಿದೆ, ಖರೇನ ಅಂದಿರಲಿಲ್ಲ.

ಅಪ್ಪಾರು ಸಾಯೋ ತನಕ ಆ ಊರಿನ ಪ್ರೀತಿ ನೆನಸತಿದ್ರು. ಆಮ್ಯಾಲೆ ಊರು ಬೆಳೀತು, ಬೆಳದು ಬೆಳದು ನಮ್ಮ ಹೊಲದ ಬದುವಿಗೆ ಬಂತು. ಈಗ ಗೌಡರ ಮೊಮ್ಮಗಂದು ನಮ್ಮದು ಒಂದ ಗ್ವಾಡಿ. ಏನಂದಿ ಸುಧಾ? ಕಡೀಕೆ ಯಾವ ಪಾಪ ಅಂತ ನಿಕ್ಕಿ ಮಾಡಿದ್ರು ಅಂತಾ? ಯಾವುದೂ ಇಲ್ಲ. ನಿಕ್ಕಿ ಮಾಡಿದ್ದಿದ್ರ ಹೆದರಿಕಿ ಹೋಗಿರತಿತ್ತು, ಪಟ್ಟಾನೂ ಹೋಗಿರತಿತ್ತು. ಅದಕ್ಕ ಹೇಳತೇನಿ, ಮಂದಿ ನಿಮ್ಮ ಬಗ್ಗೆ ಏನರ ತಪ್ಪು ತಿಳಕೊಂಡ್ರ ತಿದ್ದಲಿಕ್ಕೆ ಲಗೂನ ಓಡಬ್ಯಾಡ್ರಿ, ಮೊದಲು ಅದರಾಗ ನಮಗ ಏನರ ಉಪಯೋಗ ಐತೇನು ನೋಡ್ರಿ. ಹೂಂ, ಏಳ್ರಿ. ಕೈ ತೊಳಕೋರಿ, ಉಗುರಿನೊಳಗೂ.